ಮೂರು ತಂಡಗಳ ಅದಲುಬದಲು

ತಂಡದ ಗುಟ್ಟು ಸೋರದಿರಲೆಂದು, ಬಾಸ್ಕೆಟ್‌ಬಾಲ್ ಆಟಗಾರರು ತಂಡ ಬಿಡುವಾಗ ಆ ಊರಿನ ನೆನಪನ್ನೆಲ್ಲ ಅಳಿಸಿಕೊಂಡೇ ಹೊರಡಬೇಕು. ಮಂಡ್ಯದಲ್ಲಿ ಮದುವೆಯಾಗಿದ್ದ ತಿಪ್ಪೇಸ್ವಾಮಿ ಹಾಗೆಯೇ ಹೆಂಡತಿ ಮಗಳನ್ನೂ ಮರೆತು ದಾವಣಗೆರೆಗೆ ಹೋದ. ಹೆಂಡತಿ ನಾಗವೇಣಿ ಪ್ರತಿ ಭಾನುವಾರ ಅಲ್ಲಿಗೆ ಹೋಗಿ, ಎರಡು ವರ್ಷದಲ್ಲಿ ಅವನಿಗೆ ಮತ್ತೆ ಹತ್ತಿರವಾಗಿದ್ದಳು.

ಮಂಡ್ಯ ತಂಡದ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಅವಳೇ ಆಟಗಾರರ ಅದಲುಬದಲಿನ ಈ ಪ್ರಸ್ತಾವ ಬರೆದವಳು: ತಿಪ್ಪೇಸ್ವಾಮಿ ಮಂಡ್ಯಕ್ಕೆ, ಮಂಡ್ಯದ ಸೆಂಟರ್ ಆಟಗಾರ ಹಾಸನಕ್ಕೆ, ಹಾಸನದ ಇಬ್ಬರು ದಾವಣಗೆರೆಗೆ.

"ಮೂರು ತಂಡದವ್ರೂ ಒಪ್ಪಿದ್ರು ಕಣಮ್ಮ. ಅಂತೂ ಗಂಡನ್ನ ಮನೆಗೆ ಕರೆಸ್ಕೊಂಡ್ರಿ!" ಎಂದರು ಮ್ಯಾನೇಜರ್.

"ದಾವಣಗೆರೆ ನೆನಪೂ ಅಳಿಸಿ ಕಳಿಸ್ತಾರಲ್ಲ, ಬರೋವಾಗ ನನ್ನ ಗುರುತಿರಲ್ಲ ಸಾರ್."

"ಗೊತ್ತಿದ್ದೂ ಯಾಕೆ ಬರೆದ್ರಿ?"

"ಮಗಳಿಗೆ ಅಪ್ಪ ಮನೇಲಿರ್ಬೇಕಂತೆ."

ರೈಲ್ವೆ ಸ್ಟೇಷನ್ನಿನಲ್ಲಿ ಆಟಗಾರನನ್ನು ಎದುರುಗೊಳ್ಳುವವರ ಫಾರಂನಲ್ಲಿ ಅವಳು ತನ್ನ ಹೆಸರು ತುಂಬಿದಳು. ಅವನು ಗಾಬರಿಯಾಗಬಾರದಲ್ಲ ಎಂದುಕೊಂಡು, ಸಂಬಂಧ ಎಂದಿದ್ದ ಕಡೆ 'ಕಚೇರಿ ಸಿಬ್ಬಂದಿ' ಎಂದು ಬರೆದಳು.