ಎರಡು ಇಂಚು ದೊಡ್ಡದು

ದಡಕ್ಕೆ ಎಳೆದಿಟ್ಟ ವಿಹಾರದೋಣಿಯ ಹಿಂಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಫಿಟ್ಟರ್ ಕೇಳಿದ, "ಎಷ್ಟ್ ಜನ ಹೋಪುದು? ಭಾರ ನೋಡ್ಕಂಡೇ ಫ್ಯಾನಿನ ಅಳತೆ ಹೇಳ್ಬೇಕು."

"ಇಬ್ರೇ," ಎಂದ ದೋಣಿಯ ಒಡೆಯನಾದ ಯುವಕ. "ನಾಳೆ ಬೆಳಿಗ್ಗೆ ಗೋವಾಕ್ಕೆ. ವಾಪಸ್ ಬಪ್ಪುದಿಲ್ಲ."

ಇನ್ನೊಬ್ಬಳು ಯಾರೆಂದು ಫಿಟ್ಟರ್ ಕೇಳಲಿಲ್ಲ. ಅವನ ಮಗಳು ಈ ದೋಣಿಯಿಂದ ಇಳಿಯುವುದನ್ನು ಬಂದರಿನವರೆಲ್ಲ ಕಂಡಿದ್ದರು.

ಅವನ ಮುಂದೆ ನೀರು ತಳ್ಳುವ ಎರಡು ಫ್ಯಾನುಗಳಿದ್ದವು. ಒಂದು ಎಂಜಿನ್ನಿಗೆ ಸರಿಹೊಂದುವಂಥದ್ದು, ಇನ್ನೊಂದು ಎರಡು ಇಂಚು ದೊಡ್ಡದು. ದೊಡ್ಡದನ್ನು ಹಾಕಿದರೆ ಡೀಸೆಲ್ ಎಂಜಿನ್ ಅದನ್ನು ತಿರುಗಿಸಲಾರದೆ ಕಪ್ಪು ಹೊಗೆ ಕಾರಿ, ಕಾದು, ಅಳಿವೆ ದಾಟಿ ಕಡಲು ಸೇರುವ ಮೊದಲೇ ಕೈಕೊಡುತ್ತದೆ. ಯುವಕನಿಗೆ ಈ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಫಿಟ್ಟರನ ಕೈ ಬಹಳ ಹೊತ್ತು ದೊಡ್ಡದರ ಮೇಲೇ ಇತ್ತು. ತಾಯಿಯಿಲ್ಲದ ಹುಡುಗಿ, ಅವಳ ಯಾವ ಆಸೆಗೂ ಅವನು ಅಡ್ಡ ಬಂದವನಲ್ಲ. ಕೊನೆಗೆ ಹಲ್ಲು ಕಚ್ಚಿಕೊಂಡು ಸರಿಯಾದದ್ದನ್ನೇ ಬಿಗಿದ.

ಸಂಜೆ ಮಗಳು ಗಂಜಿ ಬಡಿಸಿ ಎದುರಿಗೆ ಕೂತಳು.

"ಯಾವ್ದ್ ಹಾಕಿದ್ರಿ ಅಪ್ಪಯ್ಯ?"

ತನಗೆಲ್ಲ ಗೊತ್ತಿದೆಯೆಂದು ಅವಳಿಗೂ ಗೊತ್ತು ಎಂದು ಅವನಿಗೆ ಆಗ ಅರಿವಾಯಿತು. ತಲೆ ಎತ್ತದೆ ಹೇಳಿದ, "ಸರಿಯಾದ್ದೇ ಹಾಕಿದೆ ಮಗಾ. ಎಲ್ಲಿಗೆ ಬೇಕಾರೂ ಮುಟ್ಟತ್ತ್. ನೀನು ಹೆದ್ರಬೇಡ."

ಮಗಳ ಮುಖ ಬಿಳಿಚಿಕೊಂಡಿತು.

"ನಾನು ಬಪ್ಪುದಿಲ್ಲ ಅಂತ ಅವ್ರಿಗೆ ಹೇಳುವ ಧೈರ್ಯ ನಂಗಿಲ್ಲ," ಎಂದಳು. "ಅವ್ರನ್ನ ನಿಮ್ಮ ಹತ್ರ ಕಳ್ಸಿದ್ದೇ ನಾನು ಅಪ್ಪಯ್ಯ, ನೀವು ದೊಡ್ಡದು ಹಾಕ್ತ್ರಿ ಅಂದ್ಕಂಡು."