ಕುದುರೆಯ ಕೆಳಗಿನ ಬಿಳಿ

ಪ್ಯಾರಿಸ್ಸಿನಿಂದ ಯಾರೋ ತಂದುಕೊಟ್ಟ ಸಿನಿಮಾ ಪೋಸ್ಟರನ್ನು ಯದ್ವಿಗಾ ಮೇಜಿನ ಮೇಲೆ ಬಿಚ್ಚಿ ಹರಡುತ್ತಿದ್ದಂತೆ ಗೆಳತಿ ಬೋಝೆನಾ ನಕ್ಕುಬಿಟ್ಟಳು. “ಅಲ್ಲಿಗೆ ಹೋಗಿ ನಿನ್ನ ಗಂಡನ ಕೈ ಕೆಟ್ಟೋಗಿದೆ ಕಣೇ. ಕೆಳಗೆ ನೋಡು, ಎಷ್ಟು ಜಾಗ ದಂಡ.”

ಪೋಸ್ಟರಿನಲ್ಲಿದ್ದ ಕುದುರೆಯ ಚಿತ್ರ ಗಂಡ ಝೆನನ್‌ನದೇ. ಸಿನಿಮಾದ ಹೆಸರನ್ನು ಮಾತ್ರ ಮುದ್ರಣಾಲಯದವರು ಅಚ್ಚಿನ ಸಣ್ಣ ಅಕ್ಷರಗಳಲ್ಲಿ ಒಂದು ಮೂಲೆಗೆ ಕೂರಿಸಿದ್ದರು. ಉಳಿದದ್ದೆಲ್ಲ ಬಿಳಿ ಬಯಲು. ವಾರ್ಸಾದ ಈ ಕೋಣೆಯಲ್ಲಿ ವರ್ಷಗಟ್ಟಲೆ ಅವನು ಚಿತ್ರ ಬರೆದು ಹಾಳೆಯನ್ನು ಇವಳತ್ತ ಸರಿಸುತ್ತಿದ್ದ. ಚಿತ್ರದ ಕೆಳಗೆ ಸಿನಿಮಾದ ಹೆಸರು ಬರೆಯುತ್ತಿದ್ದುದು ಇವಳ ಬ್ರಷ್ಷು. ಗಡಿ ದಾಟಿ ಹೋದ ಮೇಲೆ ಅವನಿಂದ ಒಂದು ಕಾಗದವೂ ಬಂದಿರಲಿಲ್ಲ.

ಯದ್ವಿಗಾ ಆ ಬಿಳಿಯ ಮೇಲೆ ಅಂಗೈ ಊರಿದಳು.

“ದಂಡ ಅಲ್ಲ ಕಣೇ. ಅದು ನಂಗೆ ಬಿಟ್ಟಿರೋ ಜಾಗ,” ಎಂದವಳು ಬ್ರಷ್ಷನ್ನು ಕಪ್ಪು ಬಣ್ಣದಲ್ಲಿ ಅದ್ದಿದಳು.