ಏಳನೆಯವನ ಸರದಿ

ಒಬ್ಬ ಮಂತ್ರಿಗೆ ಏಳು ಜನ ಸೇನಾಧಿಕಾರಿಗಳಿದ್ದರಂತೆ. ಎದೆ ಏಳು, ಪದಕ ಎಣಿಸಲಾರದಷ್ಟು, ನಾಲಿಗೆ ಮಾತ್ರ ಒಂದೇ. ಆ ಏಳು ಜನರಲ್ಲಿ ಕಿರಿಯನಾದ ಬ್ರಿಗೇಡಿಯರ್ ಈಗ ಉದ್ದ ಮೇಜಿನ ತುದಿಯಲ್ಲಿ ಕೂತು ಬೆವರುತ್ತಿದ್ದ. ಬೆಟ್ಟದ ಮೇಲಿನ ಸೇನಾ ಠಾಣೆಯನ್ನು ಚಳಿಗಾಲದಲ್ಲೂ ಬಿಡಬಾರದೆಂದು ಮಂತ್ರಿಯ ಹಟ, ಚುನಾವಣೆ ಹತ್ತಿರವಿತ್ತು. "ಹಿಮ ಬೀಳೋ ಮುಂಚೆ ನಮ್ಮನ್ನ ಇಳಿಸಿಬಿಡಿ ಸರ್" ಎಂದು ಠಾಣೆಯ ಮೇಜರ್ ಬೇಡಿಕೊಂಡಾಗ, "ಸಭೇಲಿ ನಾನೇ ಹೇಳ್ತೀನಿ" ಎಂದು ಇವನು ಮಾತು ಕೊಟ್ಟಿದ್ದ.

ಕೊಟ್ಟದ್ದು ಒಂದು ಪದ್ಧತಿಯನ್ನು ನಂಬಿ. ಹಿರಿಯರ ಮಾತು ಕಿರಿಯರ ಬಾಯಿ ಕಟ್ಟಬಾರದೆಂದು ಆ ಸಭೆಯಲ್ಲಿ ಯಾವಾಗಲೂ ಕಿರಿಯನೇ ಮೊದಲು ಮಾತಾಡಬೇಕು. ಆದರೆ ಇವತ್ತು ಮಂತ್ರಿ ಎದುರಿಗೇ ಕೂತಿದ್ದರು. ಏಳು ಜನರಲ್ಲಿ ಎಲ್ಲರಿಗಿಂತ ಹಿರಿಯರಾದ ಜನರಲ್ ನಗುತ್ತ, "ಹಿರಿಯರಿಂದಲೇ ಶುರು ಮಾಡೋಣ" ಎಂದುಬಿಟ್ಟರು. "ಠಾಣೆ ಹಿಡಿದು ನಿಲ್ತೀವಿ ಸರ್." ಒಬ್ಬರಾದ ಮೇಲೊಬ್ಬರು ಎದ್ದು, ಆರು ಸಲ ಅದೇ ಮಾತು. ಆರನೆಯವರು ಕೂರುತ್ತ ಇವನ ಕಿವಿಯಲ್ಲಿ, "ಬಡ್ತಿ ಪಟ್ಟಿ ಸೋಮವಾರ ಬರುತ್ತೆ ಕಣಯ್ಯಾ. ಹೂಂ ಅಂದ್ಬಿಡು, ನಿನ್ನ ಗಂಟೇನು ಹೋಗುತ್ತೆ?" ಎಂದರು.

ಏಳನೆಯವನನ್ನು ಕೇಳುವುದೇನಿದೆ ಎಂಬಂತೆ, ಸಭೆಯ ಮಾತು ಬರೆದುಕೊಳ್ಳುತ್ತಿದ್ದ ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ. ಬ್ರಿಗೇಡಿಯರ್ ಎದ್ದ. "ಠಾಣೆ ಹಿಡಿದು..." ನಾಲಿಗೆ ತಾನಾಗಿಯೇ ಹೊರಟುಬಿಟ್ಟಿತ್ತು, ಮೂವತ್ತು ವರ್ಷದ ರೂಢಿ. ಮುಂದಿನ ಮಾತನ್ನು ಹಲ್ಲು ಕಚ್ಚಿ ತಡೆದ. ಜನರಲ್ ಅವರ ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ಸಣ್ಣಗಾಯಿತು.

"ಮುಚ್ಚಳ ತೆಗೀರಿ," ಎಂದು ಬ್ರಿಗೇಡಿಯರ್ ಗುಮಾಸ್ತನಿಗೆ ಹೇಳಿದ. "ಬರ್ಕೊಳ್ಳಿ. ಹಿಮ ಬಿದ್ಮೇಲೆ ಅಲ್ಲಿಂದ ನಲವತ್ತು ಜನಾನ ಇಳಿಸೋಕೆ ದಾರೀನೇ ಇಲ್ಲ. ಈಗಲೇ ಇಳಿಸಬೇಕು."